ಶಾಲೆಯ ಊಟದಿಂದ ಲಿಂಗ ಸಮಾನತೆ: ಉಗ್ರಾಣದಿಂದ ತಟ್ಟೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಊಟದ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು ಯಾವುದಾದರೂ ಶಾಲೆಗೆ ಹೋಗಿ, ಯಾರನ್ನೂ ಏನನ್ನೂ ಕೇಳದೆ ನಿಂತು ನೋಡಿ. ಒಲೆಯ ಮುಂದೆ ಹೆಂಗಸರು. ನೀರು ಹೊತ್ತು ತರುವವರೂ ಹೆಂಗಸರೇ, ಕೆಲವು ಕಡೆ ವಿದ್ಯಾರ್ಥಿನಿಯರು. ಸಾಮಾನು ಪೂರೈಸುವವರು, ದಾಸ್ತಾನು ಪುಸ್ತಕ ಬರೆಯುವವರು, ಬಿಲ್ಲಿಗೆ ಸಹಿ ಹಾಕುವವರು ಬಹುಮಟ್ಟಿಗೆ ಗಂಡಸರು. ಮಕ್ಕಳು ಸಾಲಾಗಿ ಕುಳಿತ ಮೇಲೆ ‘ಇನ್ನೊಮ್ಮೆ ಹಾಕಿ’ ಎಂದು ಕೂಗುವವರು ಹುಡುಗರು. ತಟ್ಟೆ ಖಾಲಿಯಾದರೂ ತಲೆ ತಗ್ಗಿಸಿ ಕುಳಿತಿರುವವರು ಹುಡುಗಿಯರು.

ಹೆಣ್ಣುಮಕ್ಕಳನ್ನು ಶಾಲೆಗೆ ಕರೆತರುವ ಒಳ್ಳೆಯ ಉಪಾಯವೆಂದು ಹೆಸರಾದ ಕಾರ್ಯಕ್ರಮದ ಒಳಮನೆ ಹೀಗಿದೆ. ಊಟ ಹುಡುಗಿಯನ್ನು ಶಾಲೆಯ ಬಾಗಿಲಿನವರೆಗೆ ತರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗೆ ಬಂದ ಆ ಹುಡುಗಿ ದಿನವೂ ಕಣ್ಣಾರೆ ಕಲಿಯುವ ಪಾಠವೊಂದಿದೆ: ಬೇಯಿಸುವ, ಬಳಿಯುವ, ತೊಳೆಯುವ ಕೆಲಸ ಯಾರದು, ಆ ಕೆಲಸದ ಬೆಲೆ ಎಷ್ಟು. ಪಠ್ಯಪುಸ್ತಕದಲ್ಲಿ ಸಮಾನತೆಯ ಪಾಠ ಓದಿಸಿ, ಗೋಡೆಯಾಚೆ ಅದಕ್ಕೆ ವಿರುದ್ಧವಾದದ್ದನ್ನು ದಿನವೂ ತೋರಿಸಿದರೆ ಮಕ್ಕಳು ನಂಬುವುದು ಕಂಡದ್ದನ್ನೇ. ಈ ಮಾರ್ಗದರ್ಶಿ ಮುಖ್ಯೋಪಾಧ್ಯಾಯರಿಗೆ, ಶಾಲಾ ಸಮಿತಿಯವರಿಗೆ, ಊಟದ ಯೋಜನೆ ನಡೆಸುವ ಅಧಿಕಾರಿಗಳಿಗೆ ಮತ್ತು ಸಂಸ್ಥೆಗಳಿಗೆ. ಹಂತಗಳನ್ನು ನಾನು ಕೆಲಸ ಸಾಗಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಒಂದು ಮಾತು: ಊಟ ಹುಡುಗಿಯರ ಬದುಕನ್ನು ಬದಲಿಸುವುದು ಹೇಗೆ

ಬಡ ಕುಟುಂಬವೊಂದು ಮಗಳನ್ನು ಶಾಲೆಗೆ ಕಳುಹಿಸಬೇಕೇ ಬೇಡವೇ ಎಂದು ಯೋಚಿಸುವಾಗ ಅಲ್ಲಿ ಒಂದು ಲೆಕ್ಕ ನಡೆಯುತ್ತದೆ. ಅವಳು ಮನೆಯಲ್ಲಿದ್ದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾಳೆ, ನೀರು ತರುತ್ತಾಳೆ, ತಾಯಿ ಕೂಲಿಗೆ ಹೋಗಲು ಸಾಧ್ಯವಾಗುತ್ತದೆ. ಮಗನ ಓದು ಮುಂದೆ ಮನೆಗೇ ಬರುವ ಆದಾಯ, ಮಗಳದು ಹಾಗಲ್ಲ ಎಂಬ ಭಾವನೆಯೂ ಈ ಲೆಕ್ಕದಲ್ಲಿ ಸೇರಿರುತ್ತದೆ. ಶಾಲೆಯಲ್ಲಿ ಒಂದು ಹೊತ್ತಿನ ಊಟ ಖಚಿತವಾದ ಕೂಡಲೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಕ ಬೀಳುತ್ತದೆ. ಮಗನನ್ನು ಹೇಗೂ ಕಳುಹಿಸುತ್ತಿದ್ದ ಮನೆ ಈಗ ಮಗಳನ್ನೂ ಕಳುಹಿಸುತ್ತದೆ.

ಇದು ಬರಿಯ ಊಹೆಯಲ್ಲ. ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೀಜ್ ಮತ್ತು ಗೀತಾ ಗಾಂಧಿ ಕಿಂಗ್ಡನ್ ಉತ್ತರ ಭಾರತದ ಹಳ್ಳಿಗಳ ಬಗ್ಗೆ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರ ಶಾಲೆಯಲ್ಲಿ ಮಧ್ಯಾಹ್ನದ ಊಟವಿರುವ ಕಡೆ ಶಾಲೆಯಿಂದ ಹೊರಗುಳಿದ ಹುಡುಗಿಯರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂದಿತು. ಘಾನಾದ ರಾಷ್ಟ್ರೀಯ ಶಾಲಾ ಊಟದ ಯೋಜನೆಯ ಮೇಲೆ ನಡೆದ ಪ್ರಯೋಗಾತ್ಮಕ ಅಧ್ಯಯನದಲ್ಲಿ ಕಲಿಕೆಯ ಲಾಭ ಹೆಚ್ಚಾಗಿ ಸಿಕ್ಕಿದ್ದು ಹುಡುಗಿಯರಿಗೆ ಮತ್ತು ಕಡುಬಡ ಮನೆಗಳ ಮಕ್ಕಳಿಗೆ. ಭಾರತದ ಮಧ್ಯಾಹ್ನದ ಊಟದ ಬಗ್ಗೆ 2021ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಇನ್ನೂ ದೂರ ಹೋಗಿ ನೋಡಿತು: ಬಾಲ್ಯದಲ್ಲಿ ಶಾಲೆಯ ಊಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಬೆಳವಣಿಗೆ ಉತ್ತಮವಾಗಿತ್ತು, ಕುಂಠಿತವಾಗುವ ಸಾಧ್ಯತೆ ಕಡಿಮೆಯಾಗಿತ್ತು. ಹೆಚ್ಚು ವರ್ಷ ಓದಿದ್ದು, ತಡವಾಗಿ ತಾಯಿಯಾದದ್ದು, ವೈದ್ಯಕೀಯ ಸೇವೆ ಬಳಸಿಕೊಂಡದ್ದು ಎಲ್ಲವೂ ಅದರ ಹಿಂದೆ ಇದ್ದವು. ಒಂದು ತಟ್ಟೆ ಊಟದ ಫಲ ಮುಂದಿನ ತಲೆಮಾರಿನ ಎತ್ತರದಲ್ಲಿ ಕಾಣುತ್ತದೆ ಎಂಬುದನ್ನು ಮೊದಲು ಓದಿದಾಗ ನಾನು ಆ ಪುಟವನ್ನು ಎರಡು ಸಲ ಓದಿದೆ.

ಹಂತ 1: ಅಳೆಯದೆ ಆರಂಭಿಸಬೇಡಿ

ದಾಖಲಾತಿಯ ಅಂಕಿಯನ್ನು ನೋಡಿ ‘ನಮ್ಮಲ್ಲಿ ಗಂಡು ಹೆಣ್ಣು ಸರಿಸಮ’ ಎಂದು ಹೇಳುವವರು ಬಹಳ. ದಾಖಲಾತಿ ವರ್ಷಕ್ಕೊಮ್ಮೆ ಬರೆಯುವ ಹೆಸರು ಮಾತ್ರ. ನಿಮಗೆ ಬೇಕಾದದ್ದು ಹಾಜರಿ, ಅದೂ ದಿನವಾರು, ತರಗತಿವಾರು, ಹುಡುಗ ಹುಡುಗಿಯರದು ಬೇರೆ ಬೇರೆಯಾಗಿ. ಕಳೆದ ಒಂದು ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಸುಗ್ಗಿಯ ವಾರಗಳಲ್ಲಿ ಯಾರು ಕಾಣೆಯಾಗುತ್ತಾರೆ? ಸಂತೆಯ ದಿನ ಯಾರು ಬರುವುದಿಲ್ಲ? ಊಟ ಮುಗಿದ ಮೇಲೆ ಮನೆಗೆ ಹೊರಟುಹೋಗುವವರು ಯಾರು? ಯಾವ ತರಗತಿಯಿಂದ ಮುಂದೆ ಹುಡುಗಿಯರ ಸಾಲು ಕರಗತೊಡಗುತ್ತದೆ?

ಆಮೇಲೆ ಮಕ್ಕಳ ದಿನಚರಿ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಗಂಟೆವಾರು ಬರೆಯಲು ಹೇಳಿ. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಲಿ. ಹುಡುಗರ ಹಾಳೆಯನ್ನೂ ಹುಡುಗಿಯರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಶಿಕ್ಷಕರು ಬೇರೆ ಭಾಷಣ ಕೇಳಬೇಕಾಗಿಲ್ಲ.

ಮೂರನೆಯದು ಅಡುಗೆಮನೆಯ ಲೆಕ್ಕ, ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಒಂದು ಹಾಳೆಯಲ್ಲಿ ಊಟಕ್ಕೆ ಸಂಬಂಧಿಸಿದ ಎಲ್ಲ ಕೆಲಸಗಳನ್ನೂ ಬರೆಯಿರಿ:

- ಏನು ಬೇಯಿಸಬೇಕೆಂದು ತೀರ್ಮಾನಿಸುವುದು, ಖರೀದಿ, ಸಾಗಣೆ, ದಾಸ್ತಾನು
- ನೀರು ಮತ್ತು ಉರುವಲು ತರುವುದು, ಕಾಳು ಆರಿಸುವುದು, ಹೆಚ್ಚುವುದು, ಬೇಯಿಸುವುದು
- ಬಡಿಸುವುದು, ಪಾತ್ರೆ ತೊಳೆಯುವುದು, ನೆಲ ಒರೆಸುವುದು
- ಲೆಕ್ಕ ಬರೆಯುವುದು, ಹಣ ಪಾವತಿಸುವುದು, ತಪಾಸಣೆ

ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ: ಮಾಡುವವರು ಗಂಡೋ ಹೆಣ್ಣೋ, ದಿನಕ್ಕೆ ಎಷ್ಟು ಹೊತ್ತು, ಸಂಬಳ ಉಂಟೋ ಇಲ್ಲವೋ. ಸಂಬಳವಿಲ್ಲದ ಕೆಲಸಗಳೆಲ್ಲ ಒಂದೇ ಕಡೆ ಗುಂಪಾಗಿದ್ದರೆ, ಮೊದಲು ಕೈಹಾಕಬೇಕಾದ ಜಾಗ ನಿಮಗೆ ಸಿಕ್ಕಿತು.

ಹಂತ 2: ಗುರಿಯನ್ನು ಕಣ್ಣಿಗೆ ಕಾಣುವ ಮಾತಿನಲ್ಲಿ ಬರೆಯಿರಿ

‘ಮಹಿಳಾ ಸಬಲೀಕರಣಕ್ಕೆ ಒತ್ತು ನೀಡಲಾಗುವುದು’ ಎಂಬ ವಾಕ್ಯದಿಂದ ಯಾರಿಗೂ ನಾಳೆ ಬೆಳಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಈ ವರ್ಷ ಮುಗಿಯುವುದರೊಳಗೆ ಏಳನೆಯ ತರಗತಿಯ ಹುಡುಗಿಯರ ಹಾಜರಿ ಹುಡುಗರಷ್ಟೇ ಇರಬೇಕು’, ‘ಅಡುಗೆಯವರ ಸಂಬಳ ಪ್ರತಿ ತಿಂಗಳ ಐದನೆಯ ತಾರೀಕಿನೊಳಗೆ ಖಾತೆಗೆ ಬೀಳಬೇಕು’ ಎಂಬಂಥವು ಗುರಿಗಳು. ಮೂರು ನಾಲ್ಕು ಸಾಕು. ಗೋಡೆಯ ಮೇಲೆ ಬರೆಸಿ.

ಹಂತ 3: ಊಟದ ಹೊತ್ತು, ಮನೆಗೊಯ್ಯುವ ಪಡಿ, ಚಿಕ್ಕ ತಮ್ಮ ತಂಗಿಯರು

ಊಟ ಯಾವಾಗ ಕೊಡಬೇಕೆಂಬುದು ಅಡುಗೆಯವರ ಅನುಕೂಲದ ಪ್ರಶ್ನೆಯಂತೆ ಕಾಣುತ್ತದೆ. ಬೆಳಗಿನ ಮನೆಗೆಲಸ ಮುಗಿಸಿ, ಏನೂ ತಿನ್ನದೆ, ದೂರ ನಡೆದು ಬರುವ ಹುಡುಗಿಗೆ ಮಧ್ಯಾಹ್ನದ ಊಟ ಬರುವ ಹೊತ್ತಿಗೆ ಕಲಿಕೆಯ ಒಳ್ಳೆಯ ಗಂಟೆಗಳು ಕಳೆದುಹೋಗಿರುತ್ತವೆ. ದಿನಚರಿಯ ಹಾಳೆಗಳು ಇದನ್ನು ಹೇಳುತ್ತಿದ್ದರೆ ಬೆಳಗ್ಗೆ ಸಣ್ಣದೊಂದು ಆಹಾರ ಸೇರಿಸಿ. ಊಟದ ನಂತರ ಹುಡುಗಿಯರು ಹೊರಟುಹೋಗುತ್ತಿದ್ದರೆ ಊಟವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಿ, ಆದರೆ ಅದಕ್ಕಿಂತ ಮುಖ್ಯವಾಗಿ ಅವರು ಏಕೆ ಹೋಗುತ್ತಾರೆಂದು ಕೇಳಿ. ಬಹಳ ಸಲ ಉತ್ತರ ಮನೆಯಲ್ಲಿರುವ ಒಂದು ಮಗುವೇ ಆಗಿರುತ್ತದೆ. ಶಾಲೆಯ ಪಕ್ಕದಲ್ಲಿ ಶಿಶುವಿಹಾರವಿದ್ದು ಅಲ್ಲಿಯೂ ಊಟವಿದ್ದರೆ ಅಕ್ಕ ತರಗತಿಯಲ್ಲಿ ಉಳಿಯುತ್ತಾಳೆ. ಅಷ್ಟು ಸರಳವಾದ ಕಾರಣಕ್ಕೆ ಎಷ್ಟೋ ಓದು ನಿಂತುಹೋಗಿದೆ.

ಹುಡುಗ ಹುಡುಗಿಯರ ಅಂತರ ತುಂಬ ದೊಡ್ಡದಿರುವ ಕಡೆ, ಹಾಜರಿ ಚೆನ್ನಾಗಿರುವ ಹುಡುಗಿಯರಿಗೆ ತಿಂಗಳಿಗೊಮ್ಮೆ ಮನೆಗೊಯ್ಯಲು ಪಡಿತರ ಕೊಡುವ ಪದ್ಧತಿಯಿದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಶಾಲೆಯ ಊಟವನ್ನೂ ಈ ಪಡಿಯನ್ನೂ ಹೋಲಿಸಿ ನೋಡಿದಾಗ ಎರಡೂ ಹುಡುಗಿಯರ ದಾಖಲಾತಿಯನ್ನು ಹೆಚ್ಚಿಸಿದ್ದವು. ಪಡಿ ಬಂದ ಮನೆಗಳಲ್ಲಿ ಶಾಲೆಗೇ ಹೋಗದ ಪುಟ್ಟ ಮಕ್ಕಳ ತೂಕವೂ ಏರಿತ್ತು. ಹೊಲದ ದುಡಿಮೆ ಮತ್ತು ಹೊರಗಿನ ಕೂಲಿಯಿಂದ ಮಕ್ಕಳು, ಅದರಲ್ಲೂ ಹುಡುಗಿಯರು, ಸ್ವಲ್ಪ ಹಿಂದೆ ಸರಿದಿದ್ದರು. ಆದರೆ ಮನೆಗೆಲಸ ಅಷ್ಟು ಸುಲಭವಾಗಿ ಹಿಂದೆ ಸರಿಯುವುದಿಲ್ಲ, ಶಾಲೆಗೆ ಮುಂಚೆಯೂ ಶಾಲೆಯ ನಂತರವೂ ಅದು ಹುಡುಗಿಗಾಗಿ ಕಾದೇ ಇರುತ್ತದೆ. ಪಡಿಯಿಂದ ಹುಡುಗಿ ಶಾಲೆಗೆ ಬಂದಳೆಂದು ನಾವು ಸಂತೋಷಪಡುವಾಗ ಅವಳ ದಿನ ಉದ್ದವಾಯಿತೇ ಎಂಬುದನ್ನೂ ನೋಡಬೇಕು.

ಪಡಿ ಕೊಡುವಾಗ ಕೆಲವು ಎಚ್ಚರ. ತಾಯಿಯ ಅಥವಾ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಿ. ಹುಡುಗಿಯೇ ಹೊತ್ತುಕೊಂಡು ಹೋಗುವಷ್ಟು ಭಾರವಿರದಿರಲಿ. ಅನಾರೋಗ್ಯದಿಂದಲೋ ಮುಟ್ಟಿನಿಂದಲೋ ತಪ್ಪಿದ ದಿನಗಳನ್ನು ಹಾಜರಿಯ ಷರತ್ತಿನಿಂದ ಕಳೆಯಿರಿ. ಇಲ್ಲದಿದ್ದರೆ ಅತ್ಯಂತ ಕಷ್ಟದಲ್ಲಿರುವವಳೇ ಪಡಿ ಕಳೆದುಕೊಳ್ಳುತ್ತಾಳೆ. ‘ನಮ್ಮ ಹುಡುಗರಿಗೇಕಿಲ್ಲ’ ಎಂಬ ಪ್ರಶ್ನೆ ಬರುತ್ತದೆ, ಬರಲಿ. ಅಂಕಿಗಳನ್ನು ಊರಿನವರ ಮುಂದಿಟ್ಟು, ಅಂತರ ಮುಚ್ಚಿದ ಮೇಲೆ ಈ ಪಡಿ ಎಲ್ಲರಿಗೂ ಒಂದೇ ರೀತಿ ಆಗುತ್ತದೆ ಎಂದು ಮೊದಲ ದಿನವೇ ಹೇಳಿ.

ಇನ್ನೊಂದು. ಬಹಳಷ್ಟು ದೇಶಗಳಲ್ಲಿ ಶಾಲೆಯ ಊಟದ ಬಹುಪಾಲು ಪ್ರಾಥಮಿಕ ಹಂತದಲ್ಲೇ ಮುಗಿಯುತ್ತದೆ. ಹುಡುಗಿಯರು ಶಾಲೆ ಬಿಡುವುದು ಹೆಚ್ಚಾಗುವುದು ಅದರ ನಂತರ, ದೊಡ್ಡವರಾಗುವ ವಯಸ್ಸಿನಲ್ಲಿ, ಮದುವೆಯ ಮಾತು ಶುರುವಾಗುವ ಕಾಲದಲ್ಲಿ. ಹಣ ಮಿತವಾಗಿದ್ದು ಒಂದೇ ಒಂದು ವಿಸ್ತರಣೆ ಸಾಧ್ಯವಿದ್ದರೆ ನಾನು ಪ್ರೌಢಶಾಲೆಯ ಮೊದಲ ಎರಡು ತರಗತಿಗಳಿಗೆ ಊಟ ಮುಂದುವರಿಸಿ ಎನ್ನುತ್ತೇನೆ.

ಹಂತ 4: ಒಲೆಯ ಮುಂದಿರುವವರು ಕಾರ್ಮಿಕರು

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಅನ್ಯಾಯ ನಡೆಯುವುದು ಇಲ್ಲಿ, ಅದೂ ಒಳ್ಳೆಯ ಮಾತುಗಳ ಮರೆಯಲ್ಲಿ.

ವಿಶ್ವ ಆಹಾರ ಕಾರ್ಯಕ್ರಮದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 46.6 ಕೋಟಿ ಮಕ್ಕಳು ಶಾಲೆಯಲ್ಲಿ ಊಟ ಪಡೆಯುತ್ತಾರೆ. ಪ್ರತಿ ಒಂದು ಲಕ್ಷ ಮಕ್ಕಳ ಊಟದ ಹಿಂದೆ ಸುಮಾರು 1,500 ಉದ್ಯೋಗಗಳಿವೆ. ಅವುಗಳಲ್ಲಿ ಬಹುಪಾಲು ಅಡುಗೆಯ ಕೆಲಸ, ಮಾಡುವವರಲ್ಲಿ ಬಹುಪಾಲು ಹೆಂಗಸರು. ಇಷ್ಟು ದೊಡ್ಡ ಸಾರ್ವಜನಿಕ ಕೆಲಸ ಎಷ್ಟೋ ಕಡೆ ‘ಸೇವೆ’, ‘ತಾಯ್ತನ’, ‘ಸ್ವಯಂಸೇವೆ’ ಎಂಬ ಹೆಸರುಗಳಲ್ಲಿ ಸಂಬಳವಿಲ್ಲದೆಯೋ ಅತಿ ಕಡಿಮೆ ಹಣಕ್ಕೋ ನಡೆಯುತ್ತದೆ. ಭಾರತದಲ್ಲಿ ಸುಮಾರು 25 ಲಕ್ಷ ಅಡುಗೆಯವರು ಮತ್ತು ಸಹಾಯಕರು ಪಡೆಯುವುದಕ್ಕೆ ಇಂದಿಗೂ ಗೌರವಧನವೆಂದೇ ಹೆಸರು. ಗೌರವಧನ ಎಂಬುದು ಗೌರವದ ಮಾತು, ಆದರೆ ಕನಿಷ್ಠ ವೇತನ, ಭವಿಷ್ಯ ನಿಧಿ, ಹೆರಿಗೆ ರಜೆ ಎಂಬ ಹಕ್ಕುಗಳು ಆ ಮಾತಿನೊಳಗೆ ಸೇರಿ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಲಿಖಿತ ಕರಾರು. ಕೆಲಸದ ಗಂಟೆ, ವೇತನ, ಪಾವತಿಯ ದಿನ, ವಾರದ ರಜೆ, ಅನಾರೋಗ್ಯದ ರಜೆ, ಹೆರಿಗೆ ರಜೆ ಎಲ್ಲವೂ ಅದರಲ್ಲಿರಲಿ. ಗಂಟೆ ಎಣಿಸುವಾಗ ಒಲೆ ಹಚ್ಚಿದ ಹೊತ್ತಿನಿಂದ ಎಣಿಸಬೇಡಿ. ನೀರು ತುಂಬಿಸಿದ, ತರಕಾರಿ ಹೆಚ್ಚಿದ, ಕೊನೆಯ ಪಾತ್ರೆ ಬೋರಲು ಹಾಕಿದ ಹೊತ್ತೂ ಸೇರಬೇಕು. ಅಡುಗೆಯವರು ರಜೆಯಲ್ಲಿದ್ದಾಗ ಬದಲಿಗೆ ಬರುವವರ ಹಣವನ್ನು ಅವರ ಕೈಯಿಂದಲೇ ಕೊಡಿಸುವ ಪದ್ಧತಿ ಎಲ್ಲಿದ್ದರೂ ನಿಲ್ಲಿಸಿ. ಬದಲಿ ವ್ಯವಸ್ಥೆ ಶಾಲೆಯ ಹೊಣೆ. ಪಾವತಿ ತಡವಾದರೆ ಅದು ಸಣ್ಣ ತಾಂತ್ರಿಕ ವಿಳಂಬವೆಂದು ಕಚೇರಿಗೆ ಕಾಣಬಹುದು. ಆ ತಿಂಗಳು ಅಂಗಡಿಯಲ್ಲಿ ಸಾಲ ಹೇಳಿ ನಿಂತವಳಿಗೆ ಹಾಗೆ ಕಾಣುವುದಿಲ್ಲ. ಊಟದ ಸಾಮಾನನ್ನೂ ಅಡುಗೆಯವರೇ ತರುವ ವ್ಯವಸ್ಥೆಯಿರುವ ದೇಶಗಳಲ್ಲಿ ಬಿಲ್ಲು ಬರುವವರೆಗೆ ಸರಕಾರದ ಯೋಜನೆಗೆ ಬಂಡವಾಳ ಹೂಡುವವರು ಈ ಹೆಂಗಸರೇ ಆಗಿಬಿಡುತ್ತಾರೆ. ಕನಿಷ್ಠ ಒಂದು ತಿಂಗಳ ಹಣ ಮುಂಗಡವಾಗಿ ಕೊಡಬೇಕು.

ತಾಯಂದಿರ ಸರದಿಯ ಬಗ್ಗೆಯೂ ಹೇಳಬೇಕು. ದಿನಕ್ಕೊಬ್ಬ ತಾಯಿ ಬಂದು ಅಡುಗೆಗೆ ನೆರವಾಗಬೇಕು ಎಂಬ ನಿಯಮ ಕೇಳಲು ಚೆನ್ನಾಗಿದೆ. ಅದರ ಅರ್ಥ, ಬಡ ತಾಯಿಯೊಬ್ಬಳು ಆ ದಿನದ ಕೂಲಿ ಬಿಟ್ಟು ಬರಬೇಕು, ಇಲ್ಲವೇ ಮಗಳನ್ನು ಮನೆಗೆಲಸಕ್ಕೆ ಕೂರಿಸಬೇಕು. ಎಷ್ಟು ವಿಚಿತ್ರ ನೋಡಿ: ಮಗಳನ್ನು ಶಾಲೆಗೆ ತರಲೆಂದು ಹುಟ್ಟಿದ ಊಟವೇ ಅವಳನ್ನು ಮನೆಯಲ್ಲಿ ಉಳಿಸುತ್ತದೆ. ಸರದಿ ಇಡಲೇಬೇಕಾದರೆ ಅದು ‘ಪಾಲಕರ ಸರದಿ’ಯಾಗಿರಲಿ, ತಂದೆಯಂದಿರ ಹೆಸರೂ ಪಟ್ಟಿಯಲ್ಲಿರಲಿ, ಬಂದವರಿಗೆ ದಿನಗೂಲಿ ಕೊಡಿ.

ಮೈಗೆ ಆಗುವ ಹಾನಿ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮನೆಯೊಳಗಿನ ಒಲೆಯ ಹೊಗೆ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತು. ಮನೆಯ ಒಲೆಯ ಹೊಗೆ ಕುಡಿದ ಹೆಂಗಸು ಶಾಲೆಗೆ ಬಂದು ಅದಕ್ಕಿಂತ ದೊಡ್ಡ ಒಲೆಯ ಮುಂದೆ ಕೂರುತ್ತಾಳೆ. ಅನಿಲ ಅಥವಾ ವಿದ್ಯುತ್ ಒಲೆ ಸಾಧ್ಯವಿದ್ದರೆ ಅದೇ ಮೊದಲ ಖರ್ಚು. ಸಾಧ್ಯವಿಲ್ಲದಿದ್ದರೆ ಹೊಗೆಕೊಳವೆಯಿರುವ ಸುಧಾರಿತ ಒಲೆ, ಎದುರುಬದುರು ಕಿಟಕಿ, ಒಣಗಿದ ಸೌದೆ. 50 ಲೀಟರಿನ ಪಾತ್ರೆ ತುಂಬಿದರೆ ಪಾತ್ರೆಯ ತೂಕ ಬಿಟ್ಟೇ ಸುಮಾರು 50 ಕಿಲೋ. ಕುದಿಯುವ ಅಂಥ ಪಾತ್ರೆಯನ್ನು ಯಾರೂ ಎತ್ತಬಾರದು. ಒಲೆಯ ಮೇಲೆಯೇ ಸಣ್ಣ ಪಾತ್ರೆಗಳಿಗೆ ಬಗ್ಗಿಸಿ ಒಯ್ಯುವ ಪದ್ಧತಿ ತನ್ನಿ. ನಿಂತು ಕೆಲಸ ಮಾಡಲು ಸೊಂಟದೆತ್ತರದ ಕಟ್ಟೆ, ಬಿಸಿ ತಡೆಯುವ ಕೈಗವಸು, ಸುಟ್ಟ ಗಾಯಕ್ಕೆ ಚಿಕಿತ್ಸೆಯ ಖರ್ಚು ಮತ್ತು ವಿಮೆ ಕೂಡ ಬೇಕು.

ಅಡುಗೆಯವರ ಮೇಲೆ ದಬ್ಬಾಳಿಕೆ, ಕೆಟ್ಟ ಮಾತು, ಲೈಂಗಿಕ ಕಿರುಕುಳ ನಡೆದಾಗ ಅವರು ಎಲ್ಲಿಗೆ ಹೋಗಬೇಕು? ಕೆಲಸ ಕೊಟ್ಟವನ ಬಳಿಗೇ ದೂರು ಒಯ್ಯಬೇಕಾದ ವ್ಯವಸ್ಥೆ ವ್ಯವಸ್ಥೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೆಯ ಒಡಂಬಡಿಕೆ, ಕೆಲಸದ ಕರಾರಿನ ಸ್ವರೂಪ ಏನೇ ಇದ್ದರೂ, ಸ್ವಯಂಸೇವಕರನ್ನೂ ಸೇರಿಸಿ, ದುಡಿಯುವ ಎಲ್ಲರಿಗೂ ಹಿಂಸೆ ಮತ್ತು ಕಿರುಕುಳದಿಂದ ರಕ್ಷಣೆ ಸಿಗಬೇಕೆನ್ನುತ್ತದೆ. ಶಾಲೆಯ ಹೊರಗಿನ ಮಹಿಳಾ ಅಧಿಕಾರಿಯೊಬ್ಬರ ದೂರವಾಣಿ ಸಂಖ್ಯೆಯನ್ನು ಅಡುಗೆಮನೆಯ ಬಾಗಿಲ ಮೇಲೆ ಬರೆಯಿಸಿ.

ಇಲ್ಲಿಂದ ಮೇಲಕ್ಕೆ ಹೋಗುವ ಮೆಟ್ಟಿಲೂ ಇರಬೇಕು. ಸಹಾಯಕಿ ಅಡುಗೆಯವಳಾಗಿ, ಅಡುಗೆಯವಳು ಮುಖ್ಯ ಅಡುಗೆಯವಳಾಗಿ, ಆಮೇಲೆ ಹಲವು ಶಾಲೆಗಳ ಮೇಲ್ವಿಚಾರಕಿಯಾಗಿ ಏರಲು ತರಬೇತಿ, ಪ್ರಮಾಣಪತ್ರ, ವೇತನ ಹೆಚ್ಚಳ. ಇದನ್ನು ಮಾಡದಿದ್ದರೆ ಏನಾಗುತ್ತದೆಂದು ಬೇಕಾದಷ್ಟು ಕಡೆ ನೋಡಿದ್ದೇವೆ: ಅಡುಗೆ ಸಣ್ಣದಾಗಿದ್ದಾಗ ಹೆಂಗಸರ ಕೈಯಲ್ಲಿರುತ್ತದೆ, ಯಂತ್ರ ಬಂದು ದೊಡ್ಡ ಕೇಂದ್ರೀಕೃತ ಅಡುಗೆಮನೆಯಾದ ದಿನ ಒಳ್ಳೆಯ ಸಂಬಳದ ಹುದ್ದೆಗಳಿಗೆ ಗಂಡಸರು ಬಂದು ಕೂರುತ್ತಾರೆ, ಹೆಂಗಸರಿಗೆ ಉಳಿಯುವುದು ಹೆಚ್ಚುವುದು ಮತ್ತು ತೊಳೆಯುವುದು. ಒಲೆಯ ಮುಂದೆ ಗಂಡಸರೂ ಬರಲಿ, ಖಂಡಿತ ಬರಲಿ. ಬರುವವರು ತೊಳೆಯುವ ಜಾಗದಿಂದ ಶುರುಮಾಡಲಿ.

ಹಂತ 5: ಖರೀದಿಯ ಹಣ ಯಾರ ಖಾತೆಗೆ

ಊಟದ ಯೋಜನೆಯಲ್ಲಿ ವೇತನಕ್ಕಿಂತ ದೊಡ್ಡ ಮೊತ್ತ ಸಾಮಾನು ಖರೀದಿಗೆ ಹೋಗುತ್ತದೆ. ಹೊಲದಲ್ಲಿ ದುಡಿಯುವ ಹೆಂಗಸರು ಲೆಕ್ಕವಿಲ್ಲದಷ್ಟು, ಶಾಲೆಗೆ ಮಾರುವ ಹೆಂಗಸರು ಬೆರಳೆಣಿಕೆಯಷ್ಟು. ಈ ವಿಷಯದಲ್ಲಿ ಬ್ರೆಜಿಲ್ ಮಾಡಿದ್ದನ್ನು ಎಲ್ಲರೂ ಓದಬೇಕು. ಅಲ್ಲಿಯ 2009ರ ಕಾನೂನು, ಶಾಲೆಯ ಊಟಕ್ಕೆ ಕೇಂದ್ರ ನಿಧಿಯಿಂದ ಬರುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಮೀಸಲಿಟ್ಟಿತು. ಆದರೆ ‘ಕುಟುಂಬ’ ಎಂದಾಗ ರಸೀದಿಯ ಮೇಲೆ ಬೀಳುವುದು ಯಾರ ಹೆಸರು? 2023ರ ತಿದ್ದುಪಡಿ ಆ ಪ್ರಶ್ನೆಗೇ ಕೈಹಾಕಿತು: ಒಂದೊಂದು ಕುಟುಂಬದಿಂದ ಕೊಳ್ಳುವಾಗ ಮೌಲ್ಯದ ಕನಿಷ್ಠ ಅರ್ಧ ಭಾಗ ಮನೆಯ ಹೆಂಗಸಿನ ಹೆಸರಿನಲ್ಲೇ ಆಗಬೇಕು.

ಕಾನೂನಿಲ್ಲದ ಕಡೆಯೂ ಬಹಳಷ್ಟು ಮಾಡಬಹುದು. ದೊಡ್ಡ ಟೆಂಡರನ್ನು ಒಬ್ಬ ಬೆಳೆಗಾರ್ತಿ ಪೂರೈಸಬಲ್ಲ ಸಣ್ಣ ತುಂಡುಗಳಾಗಿ ಮಾಡಿ. ಭೂಮಿಯ ಪತ್ರವನ್ನು ಷರತ್ತಾಗಿ ಕೇಳಬೇಡಿ. ಹೊಲ ಉತ್ತವಳ ಹೆಸರಿನಲ್ಲಿ ಪತ್ರ ಇರುವುದು ಅಪರೂಪ. ಠೇವಣಿ ಬೇಡ. ಸಾಗಣೆಗೆ ವಾಹನವಿಲ್ಲದವರಿಂದ ನೀವೇ ಹೋಗಿ ಸಂಗ್ರಹಿಸಿ. ಹದಿನೈದು ದಿನದೊಳಗೆ ಪಾವತಿ, ಅವಳದೇ ಹೆಸರಿನ ಬ್ಯಾಂಕ್ ಖಾತೆಗೆ. ಮುಂದಿನ ಅವಧಿಗೆ ಏನು ಎಷ್ಟು ಬೇಕೆಂದು ಬಿತ್ತನೆಗೆ ಮೊದಲೇ ತಿಳಿಸಿ. ಹೆಸರು ಹೆಂಡತಿಯದು, ವ್ಯಾಪಾರ ಗಂಡನದು ಎಂಬುದು ನಡೆದೇ ನಡೆಯುತ್ತದೆ. ಆರು ತಿಂಗಳಿಗೊಮ್ಮೆ ಸ್ತ್ರೀ ಸಿಬ್ಬಂದಿಯೊಬ್ಬರು ಹೋಗಿ, ಬೆಲೆ ಒಪ್ಪಿದ್ದು ಯಾರು, ಹಣ ತೆಗೆದದ್ದು ಯಾರು, ಅದರಲ್ಲಿ ಏನು ಕೊಂಡಿರಿ ಎಂದು ಬೆಳೆಗಾರ್ತಿಯೊಬ್ಬಳೇ ಇರುವಾಗ ಮಾತನಾಡಿಸಿ ಬರಲಿ.

ಹಂತ 6: ತಟ್ಟೆಯೊಳಗೆ

ಬಡಿಸುವ ಪ್ರಮಾಣ ವಯಸ್ಸಿನ ಮೇಲೆ ಮತ್ತು ಹಸಿವಿನ ಮೇಲೆ ನಿಂತಿರಲಿ. ಹುಡುಗ ಹುಡುಗಿಯರಿಗೆ ಅಳತೆಯ ಸೌಟು ಒಂದೇ ಇರಲಿ. ‘ಬೇಕಾದವರು ಕೇಳಿ’ ಎಂಬ ಪದ್ಧತಿ ನ್ಯಾಯವಾದದ್ದೆಂದು ಅನ್ನಿಸುತ್ತದೆ, ಆದರೆ ಕೇಳುವುದು ತಪ್ಪೆಂದು ಮನೆಯಲ್ಲಿ ಕಲಿತು ಬಂದ ಹುಡುಗಿ ಕೇಳುವುದಿಲ್ಲ. ಎರಡನೆಯ ಸುತ್ತಿನಲ್ಲಿ ಬಡಿಸುವವರೇ ಪ್ರತಿಯೊಬ್ಬರ ಮುಂದೆಯೂ ನಿಂತು ಕೇಳಲಿ. ಬಡಿಸುವ ಸಾಲು ಇಂದು ಈ ತುದಿಯಿಂದ, ನಾಳೆ ಆ ತುದಿಯಿಂದ ಶುರುವಾಗಲಿ. ಯಾರ ದೇಹದ ಬಗ್ಗೆಯೂ, ಯಾರು ಎಷ್ಟು ತಿಂದರೆಂಬ ಬಗ್ಗೆಯೂ ದೊಡ್ಡವರು ಬಾಯಿ ಬಿಡಬಾರದು.

ಕಬ್ಬಿಣದ ಅಂಶದ ವಿಷಯದಲ್ಲಿ ಮಾತ್ರ ಹುಡುಗಿಯರ ಅಗತ್ಯ ನಿಜವಾಗಿಯೂ ಬೇರೆ. ಅಮೆರಿಕದ ಪೋಷಕಾಂಶ ಶಿಫಾರಸಿನಲ್ಲಿ 9ರಿಂದ 13 ವರ್ಷದವರೆಗೆ ಇಬ್ಬರಿಗೂ ದಿನಕ್ಕೆ 8 ಮಿಲಿಗ್ರಾಂ. 14ರಿಂದ 18ರ ನಡುವೆ ಹುಡುಗನಿಗೆ 11, ಹುಡುಗಿಗೆ 15. ಮುಟ್ಟಿನ ರಕ್ತಸ್ರಾವ ಇದಕ್ಕೆ ಮುಖ್ಯ ಕಾರಣ. ಬೇಳೆಕಾಳು, ಹಸಿರು ಸೊಪ್ಪುಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಜೊತೆಗೆ ‘ಸಿ’ ಜೀವಸತ್ವವಿರುವ ಹುಳಿ ಹಣ್ಣೋ ಹಸಿ ತರಕಾರಿಯೋ ಇದ್ದರೆ ಹೆಚ್ಚು ಸೇರುತ್ತದೆ, ಊಟದೊಂದಿಗೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ರಕ್ತಹೀನತೆ ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಮುಟ್ಟಾಗುವ ವಯಸ್ಸಿನ ಹುಡುಗಿಯರಿಗೆ ವಾರಕ್ಕೊಮ್ಮೆ 60 ಮಿಲಿಗ್ರಾಂ ಕಬ್ಬಿಣ ಮತ್ತು 2,800 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಆರೋಗ್ಯ ಕಾರ್ಯಕರ್ತರೊಂದಿಗೆ ಸೇರಿ ವಾರದ ಒಂದು ದಿನ ಗೊತ್ತುಮಾಡಿ, ಊಟವಾದ ಮೇಲೆ ಕೊಡಿ. ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಯಾರೂ ನುಂಗುವುದಿಲ್ಲ. ಮಾತ್ರೆ ಏಕೆಂಬುದನ್ನು ಹುಡುಗರಿಗೂ ವಿವರಿಸಿ, ಇಲ್ಲದಿದ್ದರೆ ಅದು ಕೀಟಲೆಯ ವಸ್ತುವಾಗುತ್ತದೆ.

ಹಂತ 7: ಹುಡುಗರ ಕೈಗೂ ಸೌಟು

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಬಿಳಿ ಅಂಗಿ, ಟೊಪ್ಪಿ, ಮುಖಗವಸು ತೊಟ್ಟ ಮಕ್ಕಳು ಸರದಿಯ ಪ್ರಕಾರ ತಾವೇ ಊಟ ತಂದು, ತಾವೇ ಬಡಿಸಿ, ತಾವೇ ಜಾಗ ಶುಚಿ ಮಾಡುತ್ತಾರೆ. ಹುಡುಗ ಹುಡುಗಿ ಎಂಬ ಭೇದವಿಲ್ಲ. ಅಲ್ಲಿ ಶಾಲೆಯ ಊಟಕ್ಕೆ 1954ರಿಂದಲೇ ಕಾನೂನಿದೆ, ಊಟವನ್ನು ಶಿಕ್ಷಣದ ಭಾಗವೆಂದೇ ನೋಡಲಾಗುತ್ತದೆ. ಒಂದು ಪಟ್ಟಿ, ಒಂದು ಏಪ್ರನ್, ಒಬ್ಬ ಶಿಕ್ಷಕರ ಗಮನ ಇದ್ದರೆ ಎಲ್ಲಿಯೂ ಇದು ಸಾಧ್ಯ.

ಪಟ್ಟಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಮಾಡಿ, ‘ಯಾರು ಬರುತ್ತೀರಿ’ ಎಂದು ಕೇಳಿದರೆ ಏಳುವವರು ಹುಡುಗಿಯರೇ. ಹುಡುಗರಿಗೆ ಬಕೆಟ್ ಎತ್ತುವ ಕೆಲಸ, ಹುಡುಗಿಯರಿಗೆ ತೊಳೆಯುವ ಕೆಲಸ ಎಂದು ಮತ್ತೆ ಹಂಚಿಕೆಯಾಗದಂತೆ ಪ್ರತಿ ವಾರ ಕೆಲಸ ಬದಲಿಸಿ. ಬಿಸಿ ಪಾತ್ರೆ, ಒಲೆ, ಚಾಕುವಿನ ಹತ್ತಿರ ಮಕ್ಕಳು ಹೋಗಬಾರದು. ತರಗತಿ ಬಿಡಿಸಿ ಕೆಲಸಕ್ಕೆ ಕಳುಹಿಸಬಾರದು. ತಟ್ಟೆ ತೊಳೆಯುವುದನ್ನು ಎಂದೂ ಶಿಕ್ಷೆಯಾಗಿ ಕೊಡಬಾರದು. ಶಿಕ್ಷಕರೂ ಮಕ್ಕಳೊಂದಿಗೆ ಕುಳಿತು ಉಂಡು ತಮ್ಮ ತಟ್ಟೆ ತಾವೇ ತೊಳೆಯಲಿ. ಗಂಡು ಮೇಷ್ಟ್ರು ತಟ್ಟೆ ತೊಳೆಯುವುದನ್ನು ಕಂಡ ಹುಡುಗನಿಗೆ ಆಮೇಲೆ ಹೆಚ್ಚು ಹೇಳಬೇಕಾಗುವುದಿಲ್ಲ.

ವಿರೋಧ ಬರುತ್ತದೆ. ‘ನಮ್ಮ ಮಗ ಓದುವುದಕ್ಕೆ ಬರುತ್ತಾನೆ, ತಟ್ಟೆ ತೊಳೆಯುವುದಕ್ಕಲ್ಲ’ ಎಂದು ಪಾಲಕರೊಬ್ಬರು ಹೇಳಿಯೇ ಹೇಳುತ್ತಾರೆ. ಜಗಳಕ್ಕೆ ಹೋಗಬೇಡಿ. ‘ನಿಮ್ಮ ಮಗಳು ಯಾವುದಕ್ಕೆ ಬರುತ್ತಾಳೆ?’ ಎಂದು ನಿಧಾನವಾಗಿ ಕೇಳಿ, ಉತ್ತರಕ್ಕೆ ಕಾಯಿರಿ.

ಹಂತ 8: ನೀರು ಮತ್ತು ಶೌಚಾಲಯ

ಬಾಗಿಲಿಗೆ ಚಿಲಕವಿಲ್ಲದ, ನೀರಿಲ್ಲದ ಶೌಚಾಲಯವಿರುವ ಶಾಲೆಯಲ್ಲಿ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಊಟವನ್ನೂ ಕಡಿಮೆ ಮಾಡುತ್ತಾರೆ. ಹಾಗಾಗಿ ಇದು ಊಟದ ಯೋಜನೆಯ ಪ್ರಶ್ನೆಯೇ. ಪ್ರತ್ಯೇಕ ಶೌಚಾಲಯ, ಒಳಗಿನಿಂದ ಚಿಲಕ, ನೀರು, ಸಾಬೂನು, ಮುಚ್ಚಳವಿರುವ ಕಸದ ಬುಟ್ಟಿ, ಕೇಳದೆಯೇ ತೆಗೆದುಕೊಳ್ಳಬಹುದಾದ ಪ್ಯಾಡುಗಳು. ಅಡುಗೆಯವರಿಗೂ ಅದೇ ಸೌಲಭ್ಯ ಬೇಕು. ಮುಟ್ಟಾದ ಅಡುಗೆಯವಳು ಒಲೆ ಮುಟ್ಟಬಾರದು, ಮುಟ್ಟಾದ ಹುಡುಗಿ ಸಾಲಿನಲ್ಲಿ ಕೂರಬಾರದು ಎಂಬ ಕಟ್ಟಳೆ ಯಾವ ರೂಪದಲ್ಲಿ ತಲೆಯೆತ್ತಿದರೂ ಮುಖ್ಯೋಪಾಧ್ಯಾಯರು ಅದೇ ದಿನ ನಿಲ್ಲಿಸಬೇಕು.

ಹಂತ 9: ಸಮಿತಿಯಲ್ಲಿ ಕುರ್ಚಿ ಸಾಲದು, ಸಹಿ ಬೇಕು

ಪಾಕಿಸ್ತಾನದಲ್ಲಿ 2002ರಿಂದ ಕೆಲವು ವರ್ಷ ಗ್ರಾಮೀಣ ಬಾಲಕಿಯರ ಪ್ರಾಥಮಿಕ ಶಾಲೆಗಳಲ್ಲಿ ನಡೆದ ‘ತವಾನಾ ಪಾಕಿಸ್ತಾನ’ ಯೋಜನೆಯಲ್ಲಿ ಊರಿನ ಹೆಂಗಸರೇ ಸಮಿತಿ ಕಟ್ಟಿ, ತರಬೇತಿ ಪಡೆದು, ಸ್ಥಳೀಯವಾಗಿ ಸಿಗುವುದರಲ್ಲಿ ಏನು ಬೇಯಿಸಬೇಕೆಂದು ತೀರ್ಮಾನಿಸಿ, ಖರೀದಿಸಿ, ಅಡುಗೆ ಮಾಡಿದರು. ಹುಡುಗಿಯರ ದಾಖಲಾತಿಯೂ ಪೌಷ್ಟಿಕತೆಯೂ ಸುಧಾರಿಸಿದವು. ಓದು ಬರಹ ಕಡಿಮೆಯಿರುವವರಿಗೆ ಹಣಕಾಸು ವಹಿಸಲಾಗದು ಎಂಬ ಮಾತಿಗೆ ಆ ಹೆಂಗಸರು ಕೆಲಸದಿಂದಲೇ ಉತ್ತರ ಕೊಟ್ಟಿದ್ದಾರೆ.

ಸಮಿತಿಯಲ್ಲಿ ಅರ್ಧ ಹೆಂಗಸರು, ಅವರಲ್ಲಿ ಒಬ್ಬರಾದರೂ ಅಡುಗೆಯವರು, ಖಾತೆಗೆ ಸಹಿ ಹಾಕುವ ಇಬ್ಬರಲ್ಲಿ ಒಬ್ಬರು ಹೆಂಗಸು. ಸಭೆ ಯಾವ ಹೊತ್ತಿಗೆ ಎಂಬುದನ್ನು ಅವರನ್ನೇ ಕೇಳಿ ಗೊತ್ತುಮಾಡಿ. ಲೆಕ್ಕವನ್ನು ಜೋರಾಗಿ ಓದಿ ಹೇಳಿ. ಗಂಡನೋ ಮಾವನೋ ಬದಲಿಗೆ ಬಂದರೆ ಆ ದಿನ ಸಭೆಯನ್ನು ಮುಂದೂಡಿ. ಎರಡು ಸಲ ಹೀಗಾದರೆ ಮೂರನೆಯ ಸಲ ಅವಳೇ ಬರುತ್ತಾಳೆ.

ಹಂತ 10: ನಿಗಾ

ಮೂರು ತಿಂಗಳಿಗೊಮ್ಮೆ ಮೊದಲ ಹಂತದ ಹಾಳೆಗಳನ್ನು ಮತ್ತೆ ತೆಗೆಯಿರಿ. ಹುಡುಗಿಯರ ಹಾಜರಿ, ಮುಂದಿನ ತರಗತಿಗೆ ಹೋದವರು, ವೇತನ ಎಷ್ಟು ದಿನ ತಡವಾಯಿತು, ಸುಟ್ಟ ಗಾಯಗಳು, ಹೆಂಗಸರಿಂದ ಖರೀದಿಸಿದ ಪ್ರಮಾಣ, ಬಂದ ದೂರುಗಳು. ದೂರುಗಳ ಸಂಖ್ಯೆ ಮೊದಲ ವರ್ಷ ಏರಿದರೆ ಗಾಬರಿಯಾಗಬೇಡಿ, ಹೇಳಲು ಜಾಗ ಸಿಕ್ಕಿದ ಮೇಲೆ ಜನ ಹೇಳುತ್ತಾರೆ. ಒಂದೂ ದೂರಿಲ್ಲದ ಅಡುಗೆಮನೆಯ ಬಗ್ಗೆಯೇ ನನಗೆ ಚಿಂತೆ. ಅಂಕಿಗಳ ಜೊತೆ ಹುಡುಗಿಯರ ಒಂದು ಗುಂಪಿನೊಂದಿಗೆ, ಅಡುಗೆಯವರ ಒಂದು ಗುಂಪಿನೊಂದಿಗೆ, ಮೇಲಧಿಕಾರಿಗಳು ಇಲ್ಲದ ಕೋಣೆಯಲ್ಲಿ ಕುಳಿತು ಮಾತನಾಡಿ.

ಹಂತ 11: ಶಾಲೆ ಮುಚ್ಚುವ ದಿನಗಳಿಗೆ ಸಿದ್ಧತೆ

2020ರಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ ಜಗತ್ತಿನಾದ್ಯಂತ ಸುಮಾರು 37 ಕೋಟಿ ಮಕ್ಕಳ ಊಟ ಏಕಾಏಕಿ ನಿಂತಿತು. ನೆರೆ, ಬರ, ಗಲಭೆ, ದೀರ್ಘ ರಜೆ ಎಲ್ಲವೂ ಸಣ್ಣ ಪ್ರಮಾಣದಲ್ಲಿ ಅದನ್ನೇ ಮಾಡುತ್ತವೆ, ಮತ್ತು ಅಂಥ ಬಿಡುವಿನ ನಂತರ ಹಿಂದಿರುಗದಿರುವ ಭಯ ಹುಡುಗಿಯರ ವಿಷಯದಲ್ಲೇ ಹೆಚ್ಚು. ಶಾಲೆ ಮುಚ್ಚಿದ ವಾರದೊಳಗೆ ಮನೆಗೆ ಪಡಿ ತಲುಪಿಸುವ ವ್ಯವಸ್ಥೆಯನ್ನು ಈಗಲೇ ಬರೆದಿಡಿ, ಆ ಅವಧಿಗೂ ಅಡುಗೆಯವರ ವೇತನ ನಿಲ್ಲದಂತೆ ಕರಾರಿನಲ್ಲಿ ಸೇರಿಸಿ. ಹನ್ನೆರಡು ವರ್ಷ ದಾಟಿದ ಪ್ರತಿಯೊಬ್ಬ ಹುಡುಗಿಯ ಹೆಸರು, ಮನೆಯ ದಾರಿ, ಮನೆಯಲ್ಲಿ ಮಾತನಾಡಬಹುದಾದ ಒಬ್ಬರ ಸಂಖ್ಯೆ ಇರುವ ಪಟ್ಟಿ ಮುಖ್ಯೋಪಾಧ್ಯಾಯರ ಬಳಿ ಇರಲಿ. ಶಾಲೆ ಮತ್ತೆ ತೆರೆದ ಮೊದಲ ದಿನ ಊಟ ಬಡಿಸುವ ಹೊತ್ತಿಗೆ ಆ ಪಟ್ಟಿ ಹಿಡಿದು ಸಾಲುಗಳ ನಡುವೆ ನಡೆಯಿರಿ. ಬಾರದವರ ಹೆಸರಿಗೆ ಗುರುತು ಹಾಕಿ, ಅದೇ ಸಂಜೆ ಒಬ್ಬ ಶಿಕ್ಷಕಿಯೂ ಒಬ್ಬ ಅಡುಗೆಯವಳೂ ಸೇರಿ ಆ ಮನೆಗಳಿಗೆ ಹೋಗಲಿ.